ಮಂಜರಾಬಾದು: ಹೆಸರೂ ಆಡಳಿತವೂ

ಒಂದು ಸೀಮೆಯ ಚರಿತ್ರೆಯೆಂದೊಡನೆ ಅದನ್ನಾಳಿದ ಅರಸರ ವಂಶಾವಳಿಯನ್ನೂ ಅವರು ಗೆದ್ದ, ಸೋತ ಕಾಳಗಗಳನ್ನೂ ಕ್ರಮವಾಗಿ ಹೇಳುವುದು ವಾಡಿಕೆ. ಆದರೆ ಬೆಟ್ಟದ ಬುಡದಲ್ಲಿ ಗದ್ದೆಯನ್ನುತ್ತು ಬಾಳಿದ ಒಕ್ಕಲಿಗನಿಗೆ ಅರಸನ ದರ್ಶನವು ಜನ್ಮಕ್ಕೊಮ್ಮೆಯಾದರೂ ಆಗುತ್ತಿತ್ತೆಂದು ಹೇಳಲಾಗದು. ಅವನ ಪಾಲಿಗೆ ಪ್ರಭುತ್ವವೆಂದರೆ ಕಂದಾಯವನ್ನೆತ್ತುವ ಪಟೇಲ, ಲೆಕ್ಕ ಬರೆಯುವ ಶಾನುಭೋಗ, ಅಹವಾಲು ಕೇಳುವ ಅಮಲ್ದಾರ, ಆ ಅಮಲ್ದಾರನ ಕಚೇರಿಗೆ ಹೋಗುವ ಹಾದಿ, ಆ ಹಾದಿಯಲ್ಲಿ ದಾಟಬೇಕಾದ ಹೊಳೆ, ಇಷ್ಟೇ. ಅರಸು ಬದಲಾದ ಸುದ್ದಿಯು ಅವನನ್ನು ತಿಂಗಳ ಮೇಲೆ ಮುಟ್ಟಿದರೂ ಮುಟ್ಟೀತು; ಕಚೇರಿ ಬದಲಾದ ಸುದ್ದಿಯಾದರೋ ಮರುದಿನವೇ ಅವನ ಕಾಲಿಗೆ ತಿಳಿಯುತ್ತಿತ್ತು. ಆದುದರಿಂದ ಆಡಳಿತದ ವಿಭಾಗಗಳು ಹೇಗೆ ಹುಟ್ಟಿ ಹೇಗೆ ಮಾರ್ಪಟ್ಟುವೆಂಬುದು ಜನರ ಚರಿತ್ರೆಯ ಮುಖ್ಯಾಂಗವೇ ಆಗಿರುವುದು.

ಈ ವಿಚಾರವನ್ನು ಪರಿಶೀಲಿಸುವುದಕ್ಕೆ ಹಾಸನ ಜಿಲ್ಲೆಯ ಪಡುವಣ ಮಲೆಯಷ್ಟು ಅನುಕೂಲವಾದ ಸೀಮೆ ಬೇರೆ ದೊರೆಯುವುದು ದುರ್ಲಭ. ಇಂದು ಸಕಲೇಶಪುರ, ಆಲೂರು ಎಂಬ ಎರಡು ತಾಲ್ಲೂಕುಗಳಾಗಿರುವ ಈ ನೆಲವು ಒಂದು ಕಾಲಕ್ಕೆ ಬಲಂ ಸೀಮೆಯೆಂದೂ, ಒಂದು ಕಾಲಕ್ಕೆ ಐಗೂರು ಸೀಮೆಯೆಂದೂ, ಮತ್ತೊಂದು ಕಾಲಕ್ಕೆ ಮಂಜರಾಬಾದೆಂದೂ ಕರೆಸಿಕೊಂಡಿದೆ. ಬೆಟ್ಟಗಳು ಅವೇ, ಹೇಮಾವತಿಯೂ ಅದೇ. ಆದರೆ ಹೆಸರು ಬದಲಾದ ಒಂದೊಂದು ಸಲವೂ ರೈತನಿಗೂ ಅವನ ಭೂಮಿಯನ್ನು ಕಾಗದದಲ್ಲಿ ಬರೆಯುವವನಿಗೂ ನಡುವಣ ದೂರವು ಹೆಚ್ಚುಕಡಿಮೆಯಾಗುತ್ತ ಬಂದಿದೆ.

೧. ನೆಲವೂ ಹೆಸರುಗಳೂ

ಹಾಸನದಿಂದ ಪಡುವಣಕ್ಕೆ ಹೊರಟವನಿಗೆ ಮೊದಲು ದೊರೆಯುವುದು ಆಲೂರು. ಅದನ್ನು ಮೈದಾನವೆಂದೂ ಹೇಳಲಾಗದು, ಪೂರ್ತಿಯಾಗಿ ಮಲೆನಾಡೆಂದೂ ಹೇಳಲಾಗದು. ಎರಡಕ್ಕೂ ನಡುವಣ ಮೆಟ್ಟಿಲೆನ್ನಬಹುದು. ಕಸಬೆ, ಕುಂದೂರು, ಪಾಳ್ಯ, ಕೆಂಚಮ್ಮನ ಹೊಸಕೋಟೆ ಎಂಬುವು ಅದರ ಹೋಬಳಿಗಳು. ಅಲ್ಲಿಂದ ಮುಂದೆ ನೆಲವು ಏರುತ್ತ, ಮಳೆ ಹೆಚ್ಚುತ್ತ, ಹೇಮಾವತಿಯ ದಂಡೆಯ ಸಕಲೇಶಪುರಕ್ಕೆ ಬಂದು, ಬೆಳಗೋಡು, ಹಾನುಬಾಳು, ಹೆತ್ತೂರು, ಯಸಳೂರು ಹೋಬಳಿಗಳಾಗಿ ಹರಡಿ, ಕಡೆಗೆ ಶಿರಾಡಿ, ಬಿಸಲೆ ಘಟ್ಟಗಳಲ್ಲಿ ಒಮ್ಮೆಗೇ ತುಳುನಾಡಿನ ಕಡೆಗೆ ಇಳಿದುಬಿಡುವುದು.

ಸಕಲೇಶಪುರವೆಂಬ ಹೆಸರು ಹೊಳೆಯ ದಂಡೆಯಲ್ಲಿರುವ ಹೊಯ್ಸಳರ ಕಾಲದ ಸಕಲೇಶ್ವರ ದೇವಾಲಯದಿಂದ ಬಂದುದು. ಇದರ ವಿಷಯದಲ್ಲಿ ಊರಲ್ಲಿ ಒಂದು ಐತಿಹ್ಯವಿದೆ. ಇಲ್ಲಿ ದೊರೆತ ಲಿಂಗವು ಒಂದೆಡೆ ಚಕ್ಕೆಯೆದ್ದು ಭಿನ್ನವಾಗಿದ್ದುದರಿಂದ ದೇವನು ಶಕಲೇಶ್ವರನೆನಿಸಿ, ಕಾಲಕ್ರಮದಲ್ಲಿ ಶಕಾರವು ಸಕಾರವಾಗಿ ಸಕಲೇಶ್ವರನಾದನೆಂದು ಹೇಳುವರು. ಸಂಸ್ಕೃತದಲ್ಲಿ ‘ಶಕಲ’ವೆಂದರೆ ತುಂಡು, ‘ಸಕಲ’ವೆಂದರೆ ಸಮಗ್ರವಾದುದು. ಒಂದಕ್ಷರದ ಅಂತರದಲ್ಲಿ ಅರ್ಥವು ಪೂರ್ತಿ ವಿಪರೀತವಾಗುವುದು. ಭಾಷಾಶಾಸ್ತ್ರವು ಈ ಐತಿಹ್ಯವನ್ನು ಒಪ್ಪಲಿ, ಬಿಡಲಿ. ಒಂದು ಸೀಮೆಯನ್ನು ಪ್ರಭುಗಳು ಪದೇಪದೇ ತುಂಡುಮಾಡಿ ಮತ್ತೆ ಜೋಡಿಸಿದ ಕಥೆಗೆ ಇದಕ್ಕಿಂತ ತಕ್ಕ ಹೆಸರು ದೊರೆಯಲಾರದು.

ಮಂಜರಾಬಾದೆಂಬ ಹೆಸರಿಗೂ ಎರಡು ವಿವರಣೆಗಳುಂಟು. ಟೀಪೂ ಸುಲ್ತಾನನು ಕೋಟೆಯನ್ನು ನೋಡಲು ಬಂದಾಗ ಬೆಟ್ಟವೆಲ್ಲ ಮಂಜಿನಿಂದ ಮುಚ್ಚಿದ್ದುದರಿಂದ ಆ ಹೆಸರನ್ನಿಟ್ಟನೆಂಬುದು ಜನರ ಮಾತು. ಪಾರಸಿಯನ್ನು ಬಲ್ಲವರು ‘ಮಂಜರ್’ ಎಂದರೆ ನೋಟ, ‘ಆಬಾದ್’ ಎಂದರೆ ಜನವಸತಿಯುಳ್ಳದ್ದು, ಆದುದರಿಂದ ಇದು ಸುಂದರವಾದ ನೋಟದ ಊರು ಎನ್ನುವರು. ಕೋಟೆಯ ಮೇಲೆ ನಿಂತವರಿಗೆ ಎರಡೂ ನಿಜವೆಂದೇ ತೋರುವುದು. ಮಂಜು ಕವಿದಾಗ ಮೊದಲನೆಯದು, ಮಂಜು ಹರಿದಾಗ ಎರಡನೆಯದು.

೨. ಶಾಸನಗಳ ಕಾಲದ ನಾಡು

ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯೆಂಬ ಗ್ರಾಮ. ಸಕಲೇಶಪುರದ ಬೆಟ್ಟಗಳಿಗೆ ಅದು ನೆರೆಯೇ ಸರಿ. ಆ ಅರಸರು ಧರಿಸಿದ್ದ ‘ಮಲೆಪರೊಳ್ ಗಂಡ’ ಎಂಬ ಬಿರುದೇ ಅವರ ಆರಂಭದ ರಾಜ್ಯವು ಎಂತಹದೆಂಬುದನ್ನು ತಿಳಿಸುವುದು. ಮಲೆಪರೆಂದರೆ ಮಲೆಯ ಒಡೆಯರು. ಒಂದೊಂದು ಕಣಿವೆಗೆ ಒಬ್ಬೊಬ್ಬ ಒಡೆಯನಿದ್ದ ಈ ನೆಲದಲ್ಲಿ ಅವರೆಲ್ಲರನ್ನೂ ಮೀರಿದ ಶೂರನೆಂಬುದೇ ಮೊದಲ ದೊರೆತನ. ತೆಂಕಣಕ್ಕೆ, ಇಂದಿನ ಅರಕಲಗೂಡು ಮತ್ತು ಬಡಗಣ ಕೊಡಗಿನ ಕಡೆಗೆ, ಹನ್ನೊಂದನೆಯ ಶತಮಾನದಲ್ಲಿ ಕೊಂಗಾಳ್ವರು ಆಳುತ್ತಿದ್ದರು. ಹೀಗೆ ಆ ಕಾಲಕ್ಕೇ ಈ ಮಲೆಯು ಎರಡು ಪ್ರಭುತ್ವಗಳ ಗಡಿಯಾಗಿತ್ತು.

ಆ ಕಾಲದ ಆಡಳಿತದ ಘಟಕವು ‘ನಾಡು’. ನಾಡಿನ ಹೆಸರಿನ ಮುಂದೆ ಹನ್ನೆರಡು, ಎಪ್ಪತ್ತು, ಮುನ್ನೂರು, ಸಾಸಿರ ಎಂಬ ಸಂಖ್ಯೆಗಳನ್ನು ಸೇರಿಸಿ ಹೇಳುವುದು ಶಾಸನಗಳ ಪದ್ಧತಿ. ನಾಡಿಗೆ ನಾಳ್ಗಾವುಂಡ, ಊರಿಗೆ ಗಾವುಂಡ, ಲೆಕ್ಕಕ್ಕೆ ಸೇನಬೋವ, ಅರಸಿನ ಪರವಾಗಿ ಪೆರ್ಗಡೆ. ಈ ಮಾತುಗಳಲ್ಲಿ ಒಂದೂ ಸತ್ತಿಲ್ಲವೆಂಬುದು ಗಮನಾರ್ಹ. ಗಾವುಂಡನು ಗೌಡನಾಗಿ, ಸೇನಬೋವನು ಶಾನುಭೋಗನಾಗಿ, ಪೆರ್ಗಡೆಯು ಹೆಗ್ಗಡೆಯಾಗಿ ಇಂದಿಗೂ ಜನರ ಹೆಸರುಗಳಲ್ಲಿ ಉಳಿದಿವೆ. ಇವುಗಳ ಮೇಲೆ ಮರಾಠಿಯಿಂದ ಬಂದ ಪಟೇಲ, ಪಾರಸಿ ಅರಬ್ಬಿಗಳಿಂದ ಬಂದ ಅಮಲ್ದಾರ, ತಾಲ್ಲೂಕು, ಜಿಲ್ಲೆ, ಆ ಮೇಲೆ ಇಂಗ್ಲಿಷಿನಿಂದ ಬಂದ ಸರ್ವೆ, ನಂಬರು ಎಂಬುವು ಪದರಪದರವಾಗಿ ಕುಳಿತಿವೆ. ಹಳ್ಳಿಯವನೊಬ್ಬನು ತನ್ನ ಗದ್ದೆಯ ವ್ಯಾಜ್ಯವನ್ನು ಹೇಳುವಾಗ ಒಂದೇ ವಾಕ್ಯದಲ್ಲಿ ಸಾವಿರ ವರ್ಷಗಳ ಆಡಳಿತವನ್ನು ಉಚ್ಚರಿಸುತ್ತಾನೆಂದರೆ ಅತಿಶಯೋಕ್ತಿಯಲ್ಲ.

ಹೊಯ್ಸಳರ ತರುವಾಯ ಈ ಸೀಮೆಯು ವಿಜಯನಗರಕ್ಕೆ ಸೇರಿತು. ಹದಿನಾರನೆಯ ಶತಮಾನದಲ್ಲಿ ಬೇಲೂರನ್ನು ರಾಜಧಾನಿಯಾಗಿ ಮಾಡಿಕೊಂಡ ನಾಯಕರ ವಂಶವು ಇಲ್ಲಿ ನೆಲೆಗೊಂಡಿತು. ಕೃಷ್ಣದೇವರಾಯನ ಹಡಪದ ಸೇವೆಯಲ್ಲಿದ್ದ ಎರಕೃಷ್ಣಪ್ಪನಾಯಕನು ಈ ವಂಶದಲ್ಲಿ ಪ್ರಸಿದ್ಧನಾದವನು. ಬಲಂ ಸೀಮೆಯೆಂಬ ಹೆಸರು ಈ ನಾಯಕರೊಡನೆಯೇ ಬೆಸೆದುಕೊಂಡಿದೆ. ನಾಯಕನು ಸೀಮೆಯನ್ನು ಅಮರವಾಗಿ ಪಡೆದು, ಅದಕ್ಕೆ ಪ್ರತಿಯಾಗಿ ರಾಯನಿಗೆ ಸೈನ್ಯವನ್ನೂ ಹಣವನ್ನೂ ಒದಗಿಸಬೇಕಾಗಿತ್ತು. ಆದರೆ ನಾಯಕನ ಕೆಳಗಣ ನಾಡುಗಳ ಏರ್ಪಾಡು ಹಿಂದಿನಂತೆಯೇ ಉಳಿಯಿತು. ಮೇಲಿನವರು ಬದಲಾಗುತ್ತಿದ್ದರು, ಕೆಳಗಿನದು ನಿಂತಿತ್ತು.

೩. ಆರು ನಾಡು, ಇಪ್ಪತ್ತೆಂಟು ಮಂದೆ

ಈ ನಿಂತ ಏರ್ಪಾಡು ಎಂತಹದೆಂಬುದನ್ನು ವಿವರವಾಗಿ ತಿಳಿಯುವುದು ಅಗತ್ಯ. ಮಂಜರಾಬಾದು ಸೀಮೆಯು ಆರು ನಾಡುಗಳಾಗಿಯೂ ಆ ನಾಡುಗಳು ಒಟ್ಟು ಇಪ್ಪತ್ತೆಂಟು ಮಂದೆಗಳಾಗಿಯೂ ವಿಭಾಗಗೊಂಡಿದ್ದುವು. ಮಂದೆಯೆಂದರೆ ಕೆಲವು ಗ್ರಾಮಗಳ ಗುಂಪು. ಒಂದೊಂದು ಮಂದೆಗೆ ಒಬ್ಬ ಪಟೇಲನಿದ್ದು, ಆ ಪಟೇಲರಲ್ಲಿ ಒಬ್ಬನನ್ನು ಇಡೀ ನಾಡಿಗೆ ಹಿರಿಯನೆಂದು ಎಣಿಸುತ್ತಿದ್ದರು.

ಮೈದಾನದ ಊರಿಗೂ ಮಲೆಯ ಊರಿಗೂ ಇರುವ ಭೇದವನ್ನು ನೋಡಿದರೆ ಈ ಏರ್ಪಾಡಿನ ಕಾರಣವು ತಾನಾಗಿ ತಿಳಿಯುವುದು. ಮೈದಾನದಲ್ಲಿ ಕೋಟೆಬಾಗಿಲು, ಕೇರಿ, ಕೆರೆ, ಅರಳಿಕಟ್ಟೆಗಳುಳ್ಳ ಒಂದೇ ಗುಂಪಾಗಿ ಊರು ಕಟ್ಟಿಕೊಂಡಿರುವುದು. ನೂರು ಮನೆಗೆ ಒಬ್ಬ ಪಟೇಲ ಸಾಕು. ಮಲೆಯಲ್ಲಿ ಹಾಗಲ್ಲ. ಗದ್ದೆಯಿದ್ದ ಕಡೆ ಮನೆ. ಒಂದು ಕಣಿವೆಗೆ ಮೂರು ಮನೆ, ಗುಡ್ಡದಾಚೆ ಎರಡು ಮನೆ. ಹೀಗೆ ಚೆದರಿದ ಒಕ್ಕಲುಗಳನ್ನು ಒಂದು ಆಡಳಿತಕ್ಕೆ ಒಳಪಡಿಸಬೇಕಾದರೆ ಹಲವು ಗ್ರಾಮಗಳನ್ನು ಕೂಡಿಸದೆ ವಿಧಿಯಿಲ್ಲ. ಒಂದು ಮಳೆಗಾಲದ ಹೊಳೆಯನ್ನು ದಾಟದೆ ಒಬ್ಬರನ್ನೊಬ್ಬರು ಮುಟ್ಟಬಲ್ಲವರೆಲ್ಲ ಒಂದು ಗುಂಪಾಗುವುದು ಸ್ವಾಭಾವಿಕ. ಮನುಷ್ಯರು ಎಳೆದ ಗೆರೆಗಿಂತ ನೀರು ಎಳೆದ ಗೆರೆಯೇ ಇಲ್ಲಿ ಮೊದಲಿನದು.

ಮಲೆಯವರ ಈ ಒಗ್ಗಟ್ಟಿಗೆ ರಕ್ಷಣೆಯ ಭಾಗವೂ ಉಂಟು. ಊರುಗಳ ಸುತ್ತ ಆಳವಾದ ಕಂದಕ, ದಟ್ಟವಾದ ಮುಳ್ಳುಬೇಲಿ, ಹಾದಿಗೆ ಉಕ್ಕಡ ಇವುಗಳಿಂದ ಒಂದೊಂದು ಊರೂ ಒಂದು ಸಣ್ಣ ದುರ್ಗದಂತಿದ್ದಿತು.

ಇದನ್ನೆಲ್ಲ ಕೇಳಿದವರಿಗೆ ಹಿಂದಿನ ಕಾಲದಲ್ಲಿ ರಾಮರಾಜ್ಯವಿತ್ತೆಂದು ತೋರಬಹುದು. ಅದು ಸರಿಯಲ್ಲ. ನಾಡಿನ ಕೂಟದಲ್ಲಿ ಕುಳಿತು ಮಾತನಾಡುತ್ತಿದ್ದವರು ಭೂಮಿಯುಳ್ಳ ಮನೆತನದವರು. ಅವರ ಗದ್ದೆಯನ್ನು ನಾಟಿಮಾಡಿದವರಿಗೂ, ಹೆಣವನ್ನು ಹೊತ್ತವರಿಗೂ, ತೋಟಿ ತಳವಾರಿಕೆಯನ್ನು ತಲೆತಲಾಂತರವಾಗಿ ನಡಸಿದವರಿಗೂ, ಯಾವ ಜಾತಿಯ ಹೆಂಗಸರಿಗೂ ಅಲ್ಲಿ ಸ್ಥಾನವಿರಲಿಲ್ಲ. ಹತ್ತಿರದ ಆಡಳಿತವು ಎಲ್ಲರಿಗೂ ಹತ್ತಿರವಾಗಿರಲಿಲ್ಲವೆಂಬುದನ್ನು ಮರೆಯಬಾರದು.

೪. ಐಗೂರಿನ ಅಂತ್ಯ

ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯವರೂ ಮೈಸೂರಿನವರೂ ಈ ಸೀಮೆಗಾಗಿ ಹೋರಾಡಿದರು. ೧೬೯೪ ರಲ್ಲಿ ಇಬ್ಬರಿಗೂ ಆದ ಒಪ್ಪಂದದಂತೆ ಮಲೆಯ ಆರು ನಾಡುಗಳು ಹಳೆಯ ನಾಯಕವಂಶದ ಕೈಯಲ್ಲಿಯೇ ಉಳಿದುವು. ಮೈದಾನದ ಭಾಗವು ಕೈತಪ್ಪಿದ ಮೇಲೆ ನಾಯಕರು ಐಗೂರಿನ ಪಾಳೆಯಗಾರರೆನಿಸಿಕೊಂಡರು. ಸೀಮೆಯ ಹೆಸರು ಬಲಂ ಎಂಬುದರಿಂದ ಐಗೂರಿಗೆ ಇಳಿದದ್ದು ರಾಜ್ಯವು ಕುಗ್ಗಿದುದರ ಗುರುತು.

೧೭೯೨ ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಕೃಷ್ಣಪ್ಪನಾಯಕನು ಮರಾಠರ ಪರಶುರಾಮ ಭಾವುವಿನ ಸೈನ್ಯವನ್ನು ಸೇರಿದನು. ಆಮೇಲೆ ಟೀಪುವಿಗೆ ಹೆದರಿ ಕೊಡಗಿಗೆ ಓಡಿಹೋದನು. ಟೀಪುವು ಅವನನ್ನು ಸಮಾಧಾನಗೊಳಿಸಿ ಹಿಂದಕ್ಕೆ ಕರೆಸಿಕೊಂಡು ಐಗೂರು ಸೀಮೆಯನ್ನು ಕೊಟ್ಟನು. ಡೋಣಿಗಾಲಿನ ಹತ್ತಿರ, ಸಮುದ್ರಮಟ್ಟದಿಂದ ೩,೨೦೦ ಅಡಿಗೂ ಮೇಲೆ, ಎಂಟು ಮೂಲೆಗಳ ನಕ್ಷತ್ರದಂತೆ ಕಟ್ಟಿರುವ ಮಂಜರಾಬಾದು ಕೋಟೆಯು ಮುಗಿದದ್ದೂ ೧೭೯೨ ರ ಹೊತ್ತಿಗೆಂದು ಹೇಳುವರು. ಫ್ರೆಂಚರ ದುರ್ಗಶಾಸ್ತ್ರದ ಮಾದರಿಯಲ್ಲಿ ಕಟ್ಟಿದ ಈ ಕೋಟೆಯಿಂದ ಮಂಗಳೂರಿನ ಕಡೆಗಿಳಿಯುವ ಘಟ್ಟದ ಹಾದಿಯನ್ನು ಕಾಯಬಹುದಾಗಿತ್ತು. ಕೋಟೆಯಲ್ಲಿ ಕಾದ ಕಾಳಗಗಳು ಹೆಚ್ಚಿಲ್ಲ. ಆದರೆ ಒಂದು ಸೀಮೆಗೆ ಅದು ಕೊಟ್ಟ ಹೆಸರು ಕೋಟೆಯ ಫಿರಂಗಿಗಳಿಗಿಂತ ಹೆಚ್ಚು ಕಾಲ ಬಾಳಿತು.

೧೭೯೯ ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಕೃಷ್ಣಪ್ಪನಾಯಕನ ಮಗನಾದ ವೆಂಕಟಾದ್ರಿಯು ಸ್ವತಂತ್ರನಾಗಲು ಯತ್ನಿಸಿದನು. ೧೮೦೦ ರಲ್ಲಿ ಕಳುಹಿಸಿದ ಸೈನ್ಯಕ್ಕೆ ಅರಕೆರೆಯ ಕಾಡಿನಲ್ಲಿ ಹಿನ್ನಡೆಯಾಯಿತು. ಮುಂದೆ ವೆಲಿಂಗ್ಟನ್ ಪ್ರಭುವೆಂದು ಲೋಕಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯು ೧೮೦೨ ರ ಜನವರಿಯಲ್ಲಿ ಅರಕೆರೆಯನ್ನು ಹಿಡಿದನು. ವೆಂಕಟಾದ್ರಿಯು ಸೆರೆಸಿಕ್ಕಿ ಗಲ್ಲಿಗೇರಿದನು. ಊರುಗಳ ಕಂದಕ ಬೇಲಿಗಳನ್ನು ಕೆಡವಿಸಿ, ಕಾಡಿನ ನಡುವೆ ಹಾದಿಗಳನ್ನು ಕಡಿಸಲಾಯಿತು. ಯುದ್ಧಚರಿತ್ರೆಯಲ್ಲಿ ಇದು ಕೆಲವು ಸಾಲುಗಳ ವಿಷಯ. ಆಡಳಿತದ ಚರಿತ್ರೆಯಲ್ಲಿಯಾದರೋ ಇದೇ ದೊಡ್ಡ ತಿರುವು. ಅಂದಿನವರೆಗೆ ಸೀಮೆಯ ಒಡೆಯನು ಸೀಮೆಯೊಳಗೇ ಇದ್ದನು, ಅಂದಿನಿಂದ ಹೊರಗಿನವನಾದನು.

೫. ಫೌಜುದಾರಿಯಿಂದ ಜಿಲ್ಲೆಗೆ

ದಿವಾನ್ ಪೂರ್ಣಯ್ಯನ ಕಾಲದಲ್ಲಿ ನೆಲೆಗೊಂಡ ಮೈಸೂರು ಆಡಳಿತವು ಮುಮ್ಮಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಆರು ಫೌಜುದಾರಿಗಳಾಗಿ ವಿಂಗಡವಾಗಿದ್ದಿತು. ಬೆಂಗಳೂರು, ಮಧುಗಿರಿ, ಚಿತ್ರದುರ್ಗ, ಅಷ್ಟಗ್ರಾಮ, ನಗರ ಇವುಗಳೊಡನೆ ಆರನೆಯದೇ ಮಂಜರಾಬಾದು. ಪಾಳೆಯಗಾರನನ್ನು ಗಲ್ಲಿಗೇರಿಸಿದ ಮಲೆಯ ಹೆಸರು ಹೀಗೆ ರಾಜ್ಯದ ಆರರಲ್ಲೊಂದು ವಿಭಾಗಕ್ಕೆ ಬಂದಿತು. ಆ ಗೌರವವು ಬಹುಕಾಲ ಬಾಳಲಿಲ್ಲ. ೧೮೩೧ ರಲ್ಲಿ ನಗರದ ದಂಗೆಯ ತರುವಾಯ ಬ್ರಿಟಿಷರು ರಾಜ್ಯಭಾರವನ್ನು ವಹಿಸಿಕೊಂಡು, ಕೆಲವು ವರ್ಷಗಳಲ್ಲೇ ಆರು ಫೌಜುದಾರಿಗಳನ್ನು ನಾಲ್ಕು ವಿಭಾಗಗಳಾಗಿ ಮಾಡಿದರು. ಮಂಜರಾಬಾದು, ಮಧುಗಿರಿ ಎರಡೂ ಆ ಪಟ್ಟಿಯಿಂದ ಮರೆಯಾದುವು. ೧೮೬೨ ರಲ್ಲಿ ಬೌರಿಂಗನು ಕಮಿಷನರಾದ ಮೇಲೆ ರಾಜ್ಯವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಹೊಸದಾಗಿ ಏರ್ಪಡಿಸಿದನು. ಅಷ್ಟಗ್ರಾಮ ವಿಭಾಗದಲ್ಲಿ ಹಾಸನ ಜಿಲ್ಲೆಯು ಹುಟ್ಟಿತು. ಮಂಜರಾಬಾದು ಅದರೊಳಗಣ ಒಂದು ತಾಲ್ಲೂಕಾಗಿ, ಸಕಲೇಶಪುರವು ಅದರ ಕಸಬೆಯಾಗಿ ನಿಂತುವು.

ಇಲ್ಲಿಂದ ಮುಂದೆ ಒಂದು ವಿಚಿತ್ರವಾದ ಸ್ಥಿತಿಯು ಬಹುಕಾಲ ನಡೆಯಿತು. ತಾಲ್ಲೂಕಿನ ಹೆಸರು ಮಂಜರಾಬಾದು. ಕಚೇರಿಯಿದ್ದ ಊರಿನ ಹೆಸರು ಸಕಲೇಶಪುರ. ೧೯೦೨ ರಲ್ಲಿ ಲೂಯಿ ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಈ ಸೀಮೆಯ ಶಾಸನಗಳನ್ನು ಮಂಜರಾಬಾದು ತಾಲ್ಲೂಕೆಂಬ ಶೀರ್ಷಿಕೆಯಲ್ಲಿಯೇ ಅಚ್ಚು ಮಾಡಿಸಿದರು. ಟೀಪುವಿಗಿಂತ ಶತಮಾನಗಳ ಹಿಂದಣ ಹೊಯ್ಸಳ ಶಾಸನಕ್ಕೂ ಹೀಗೆ ಟೀಪುವಿನ ಕೋಟೆಯ ಹೆಸರೇ ವಿಳಾಸವಾಯಿತು. ಸಂತೆಗೆ ಬಂದವನು ಸಕಲೇಶಪುರಕ್ಕೆ ಬರುತ್ತಿದ್ದನು. ಕಂದಾಯ ಕಟ್ಟಲು ಬಂದವನ ರಸೀತಿಯಲ್ಲಿ ಮಂಜರಾಬಾದೆಂದಿರುತ್ತಿತ್ತು.

ಇಂತಹ ಇಬ್ಬಂದಿತನವು ಈ ಸೀಮೆಯೊಂದಕ್ಕೇ ಬಂದುದೆಂದು ತಿಳಿಯಬಾರದು. ದೂರದ ಕೊರಿಯ ದೇಶದ ನಗರಗಳಲ್ಲಿ ‘ದೊಂಗ್’ ಎಂಬ ಕೇರಿವಿಭಾಗವಿದೆ. ಅದರಲ್ಲಿ ಕಾನೂನಿನ ದೊಂಗ್ ಬೇರೆ, ಆಡಳಿತದ ದೊಂಗ್ ಬೇರೆ. ಭೂಮಿಯ ದಾಖಲೆಗೆ ಮೊದಲನೆಯದು, ಜನರು ಹೋಗುವ ಕಚೇರಿಗೆ ಎರಡನೆಯದು. ಒಂದರ ಮೇರೆಯು ಇನ್ನೊಂದರ ಮೇರೆಗೆ ಹೊಂದದೆಯೂ ಇರಬಹುದು. ಜಪಾನೀಯರು ಆ ದೇಶವನ್ನಾಳುತ್ತಿದ್ದಾಗ ರಾಜಧಾನಿಯ ಕೇರಿಗಳಿಗೆ ತಮ್ಮ ಪದ್ಧತಿಯ ಹೆಸರುಗಳನ್ನಿಟ್ಟಿದ್ದರು. ಅವರು ಹೊರಟುಹೋದ ಮೇಲೆ ೧೯೪೬ ರಲ್ಲಿ ಅವುಗಳನ್ನು ತೆಗೆದು ದೊಂಗ್ ಎಂಬ ಮಾತನ್ನು ನಿಲ್ಲಿಸಿದರು. ಆಳುವವನು ಮೊದಲು ಮಾಡುವ ಕೆಲಸವು ನೆಲಕ್ಕೆ ಹೆಸರಿಡುವುದೆಂಬುದು ಪೂರ್ವದ ತುದಿಯಲ್ಲಿಯೂ ಒಂದೇ, ಸಹ್ಯಾದ್ರಿಯ ತುದಿಯಲ್ಲಿಯೂ ಒಂದೇ.

೬. ಸರಪಣಿಯೂ ಕಾಫಿಯೂ

ತಾಲ್ಲೂಕಿನ ಅಧಿಕಾರಿಯು ಅಮಲ್ದಾರ. ಅವನ ಕೈಕೆಳಗೆ ಶಿರಸ್ತೆದಾರ, ಗುಮಾಸ್ತೆಯರು; ಹೋಬಳಿಗೆ ಶೇಕದಾರ; ಗ್ರಾಮಕ್ಕೆ ಪಟೇಲ, ಶಾನುಭೋಗ. ವರ್ಷಕ್ಕೊಮ್ಮೆ ಜಮಾಬಂದಿಯಾಗುವಾಗ ಶಾನುಭೋಗರು ಲೆಕ್ಕದ ಕಟ್ಟುಗಳನ್ನು ಹೊತ್ತು ಕಚೇರಿಗೆ ಬರಬೇಕಾಗಿತ್ತು. ಮಂದೆಯ ಪಟೇಲನು ಈಗ ನಾಡಿನ ಹಿರಿಯರಿಗಲ್ಲ, ಅಮಲ್ದಾರನಿಗೆ ಉತ್ತರವಾದಿಯಾದನು. ಹೆಸರು ಅದೇ ಆದರೂ ಅವನ ಮುಖವು ತಿರುಗಿದ ದಿಕ್ಕು ಬೇರೆಯಾಯಿತು.

೧೮೬೩ ರಲ್ಲಿ ಮೈಸೂರಿನಲ್ಲಿ ಮೊದಲಾದ ಕಂದಾಯದ ಸರ್ವೆಯು ಕ್ರಮೇಣ ಮಲೆಗೂ ಬಂದಿತು. ಇದರ ಪರಿಣಾಮವನ್ನು ಎಷ್ಟು ಹೇಳಿದರೂ ಸಾಲದು. ಅದಕ್ಕೆ ಮುಂಚೆ ಹೊಲಗದ್ದೆಗಳಿಗೆ ಹೆಸರುಗಳಿದ್ದುವು: ದೊಡ್ಡಗದ್ದೆ, ಮಾವಿನಮರದ ಗದ್ದೆ, ಬಸವನ ಗದ್ದೆ. ಸರಪಣಿ ಹಿಡಿದು ಬಂದವರು ಅವುಗಳಿಗೆ ನಂಬರುಗಳನ್ನಿಟ್ಟರು. ಇಂತಹ ಮರದಿಂದ ಇಂತಹ ಹಳ್ಳದವರೆಗೆ ಎಂಬ ಮಾತಿನ ಮೇರೆ ಹೋಗಿ ನಕ್ಷೆಯ ಮೇರೆ ಬಂದಿತು. ಇದರಿಂದ ಬಡ ರೈತನಿಗೆ ಒಂದು ಲಾಭವುಂಟಾಯಿತು. ಬಲಿಷ್ಠನಾದ ನೆರೆಯವನು ಬದುವನ್ನು ಸರಿಸಿದರೆ ತೋರಿಸಲು ಒಂದು ಕಲ್ಲೂ ಒಂದು ಕಾಗದವೂ ದೊರೆತುವು. ನಷ್ಟವೂ ಆಯಿತು. ಯಾರ ಹೆಸರಿಗೂ ಸೇರದೆ ಎಲ್ಲರಿಗೂ ಸೊಪ್ಪುಸೌದೆಗಳನ್ನು ಕೊಡುತ್ತಿದ್ದ ಕಾಡು ‘ಸರ್ಕಾರದ್ದು’ ಎಂಬ ಒಂದೇ ಮಾತಿನೊಳಗೆ ಸೇರಿಹೋಯಿತು.

ಇದೇ ಕಾಲದಲ್ಲಿ ಕಾಫಿಯು ಈ ಬೆಟ್ಟಗಳ ರೂಪವನ್ನೇ ಬದಲಿಸಿತು. ೧೮೫೦ ರ ದಶಕದಿಂದ ಯೂರೋಪಿನ ತೋಟಗಾರರು ಮಂಜರಾಬಾದಿನಲ್ಲಿ ನೆಲೆಸಿದರು. ಅವರಲ್ಲಿ ರಾಬರ್ಟ್ ಎಲಿಯಟನು ಇಲ್ಲಿನ ಅನುಭವಗಳನ್ನು ಕುರಿತು ೧೮೭೧ ರಲ್ಲಿಯೂ ೧೮೯೪ ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದನು. ಊರ ಒಕ್ಕಲಿಗರೂ ತಮ್ಮ ಹಿತ್ತಿಲ ಕಾಡಿನಲ್ಲಿ ಗಿಡಗಳನ್ನು ಹಾಕಿದರು. ಮೊದಲು ಬೆಳೆದ ಕಾಫಿಯ ತೂಕದ ಮೇಲೆ ‘ಹಾಲತ್ತು’ ಎಂಬ ಸುಂಕವಿದ್ದಿತು; ಅದರಿಂದ ಬೆಳೆ ಕೆಟ್ಟ ವರ್ಷ ಸುಂಕವೂ ತಗ್ಗುತ್ತಿತ್ತು. ಆಮೇಲೆ ಅದು ಹೋಗಿ ಎಕರೆಯ ಲೆಕ್ಕದ ಕಂದಾಯ ಬಂದಿತು. ಸರ್ಕಾರದ ಕಣ್ಣು ಕಣದಿಂದ ನೆಲಕ್ಕೆ ತಿರುಗಿತೆಂದು ಇದರ ಅರ್ಥ.

೧೮೮೧ ರಲ್ಲಿ ಮೈಸೂರು ಅರಸರಿಗೆ ರಾಜ್ಯವು ಹಿಂದಕ್ಕೆ ಬಂದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಎಲಿಯಟನೂ ಅದರ ಸದಸ್ಯನಾಗಿದ್ದನು. ಅಂದಿನ ಸಭೆಯು ಸಲಹೆ ಕೊಡುವುದಕ್ಕಷ್ಟೇ ಸಮರ್ಥವಾದುದು. ಅಲ್ಲಿಗೆ ಹೋಗುವವರೂ ಸ್ಥಿತಿವಂತರೇ. ಆದರೂ ಮಲೆಯ ಅಹವಾಲು ಅಮಲ್ದಾರನನ್ನು ದಾಟಿ ದಿವಾನರ ಕಿವಿಗೆ ನೇರವಾಗಿ ಬೀಳುವ ದಾರಿಯೊಂದು ತೆರೆಯಿತು. ಮುಂದೆ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ (೧೯೧೨–೧೯೧೮) ಮಲೆನಾಡಿನ ಸುಧಾರಣೆಯನ್ನು ಪ್ರತ್ಯೇಕವಾಗಿ ಎಣಿಸಿ ಯೋಜನೆಗಳನ್ನು ಹಾಕಿದರು. ಚಳಿಜ್ವರವೂ ಜನಕ್ಷಯವೂ ಮೈದಾನದ ಲೆಕ್ಕದಿಂದ ಅಳೆಯತಕ್ಕವಲ್ಲವೆಂದು ಸರ್ಕಾರವು ಒಪ್ಪಿಕೊಂಡುದೇ ಅದರ ಹಿರಿಮೆ.

೭. ಊರು ಪಟ್ಟಣವಾದುದು

ಹೇಮಾವತಿಗೆ ಕಬ್ಬಿಣದ ಸೇತುವೆಯಾಗಿ, ಹಾಸನದಿಂದ ಮಂಗಳೂರಿಗೆ ಬಂಡಿಯ ಹಾದಿ ನಡೆದ ಮೇಲೆ ಸಕಲೇಶಪುರವು ಅಡಕೆ, ಏಲಕ್ಕಿ, ಕಾಫಿಗಳ ವ್ಯಾಪಾರಸ್ಥಳವಾಗಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನವು ಮುಗಿಯುವ ಮೊದಲೇ ಇಲ್ಲಿ ಪುರಸಭೆಯಿದ್ದಿತು. ಸೀಮೆಯ ಆಡಳಿತದಲ್ಲಿ ಇದು ಹೊಸ ಮಾತು. ನಾಡೂ ಮಂದೆಯೂ ಗದ್ದೆಯನ್ನು ನೋಡಿ ಹುಟ್ಟಿದುವು. ಪುರಸಭೆಯು ಬೀದಿ, ಚರಂಡಿ, ದೀಪ, ಅಂಗಡಿಗಳನ್ನು ನೋಡಿ ಹುಟ್ಟಿತು. ಬೇರೆಬೇರೆ ಸೀಮೆಗಳಿಂದ ವ್ಯಾಪಾರಕ್ಕೂ ತೋಟದ ಕೆಲಸಕ್ಕೂ ಬಂದವರಿಗೆ ನಾಡಿನಲ್ಲಿ ಮನೆತನದ ಸ್ಥಾನವಿರಲಿಲ್ಲ. ಪಟ್ಟಣದಲ್ಲಿ ಮನೆಯ ನಂಬರೇ ಅವರಿಗೆ ಸ್ಥಾನವಾಯಿತು. ೨೦೧೧ ರ ಜನಗಣತಿಯ ವೇಳೆಗೆ ಪಟ್ಟಣದ ಜನಸಂಖ್ಯೆಯು ಇಪ್ಪತ್ತಮೂರು ಸಾವಿರವನ್ನು ಮೀ‍ರಿದ್ದಿತು. ಆಲೂರಿನಲ್ಲಿ ಇಂದು ಪಟ್ಟಣ ಪಂಚಾಯಿತಿಯಿದೆ.

ಘಟ್ಟದ ಅಂಚು ರಾಜ್ಯದ ಅಂಚೂ ಆಗಿದ್ದುದನ್ನು ಇಲ್ಲಿ ನೆನೆಯಬೇಕು. ಘಟ್ಟವನ್ನಿಳಿದರೆ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ. ತೆಂಕಣಕ್ಕೆ ಹೋದರೆ ಕೊಡಗು. ಬಿಸಲೆಯ ಸುತ್ತಿನಲ್ಲಿ ಮೂರು ಸರ್ಕಾರಗಳು ಒಂದನ್ನೊಂದು ಮುಟ್ಟುತ್ತಿದ್ದುವು. ೧೯೫೬ ರ ನವೆಂಬರ್ ೧ ರಂದು ಕನ್ನಡ ಸೀಮೆಗಳು ಒಂದಾದಾಗ ಈ ಗಡಿಯು ಅಳಿಸಿಹೋಯಿತು. ಬಹುಕಾಲ ಕಾವಲಿನ ನೆಲೆಯಾಗಿದ್ದ ಮಂಜರಾಬಾದು ಅಂದಿನಿಂದ ರಾಜ್ಯದ ಒಳನಾಡಾಯಿತು. ೧೯೭೯ ರಲ್ಲಿ ಹಾಸನ ಮಂಗಳೂರುಗಳ ನಡುವೆ ರೈಲು ನಡೆದಾಗ ಈ ಏಕೀಕರಣಕ್ಕೆ ಕಬ್ಬಿಣದ ಕಟ್ಟು ಬಿದ್ದಂತಾಯಿತು.

೮. ಪಟೇಲಿಕೆಯ ಅಂತ್ಯ

ಏಕೀಕರಣದ ತರುವಾಯ ಅಮಲ್ದಾರನು ತಹಶೀಲ್ದಾರನಾದನು. ತಾಲ್ಲೂಕು ಕಾಲಕ್ರಮದಲ್ಲಿ ತನ್ನ ಕಸಬೆಯ ಹೆಸರನ್ನೇ ಪಡೆದು ಸಕಲೇಶಪುರವಾಯಿತು; ಹಿಂದೆ ಉಪತಾಲ್ಲೂಕಾಗಿದ್ದ ಆಲೂರು ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳಲ್ಲೊಂದಾಗಿದೆ. ಸಕಲೇಶಪುರವು ಕಂದಾಯದ ಉಪವಿಭಾಗಕ್ಕೂ ಕೇಂದ್ರವಾಗಿದೆ. ಇವೆಲ್ಲಕ್ಕಿಂತ ಗುರುತರವಾದುದು ೧೯೬೧ ರ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನ. ೧೯೬೩ ರಿಂದ ಜಾರಿಗೆ ಬಂದ ಈ ಕಾನೂನಿನಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತೋಟಿ ತಳವಾರಿಕೆಗಳೆಲ್ಲ ಒಮ್ಮೆಗೇ ನಿಂತುವು. ಗಾವುಂಡ ಸೇನಬೋವರಿಂದ ಬಂದ ಎಳೆಯು ಅಲ್ಲಿಗೆ ಕಡಿಯಿತು. ಸಂಬಳದ ಮೇಲೆ ವರ್ಗವಾಗುತ್ತಿರುವ ಅಧಿಕಾರಿಯು ಗ್ರಾಮದ ಲೆಕ್ಕಕ್ಕೆ ಬಂದನು. ಹಿಂದಿನ ಶಾನುಭೋಗನಿಗೆ ಊರಿನ ಪ್ರತಿಯೊಂದು ಬದುವೂ ಬಾಯಿಪಾಠ. ಅದರಿಂದಲೇ ಅವನನ್ನು ಕಂಡರೆ ಜನರಿಗೆ ಭಯ. ಹೊಸಬನಿಗೆ ಬದುಗಳು ತಿಳಿಯವು. ಅವನನ್ನು ಕಂಡರೆ ಭಯವೂ ಇಲ್ಲ. ಯಾವುದು ಮೇಲೆಂಬುದನ್ನು ಅವರವರ ಭೂಮಿಯ ಗಾತ್ರವೇ ಹೇಳಬೇಕು.

ನಾಡಿನ ಕೂಟವು ಬೇರೊಂದು ರೂಪದಲ್ಲಿ ಹಿಂತಿರುಗಿತೆನ್ನಬಹುದು. ೧೯೮೩ ರ ಶಾಸನದಂತೆ ೧೯೮೭ ರಲ್ಲಿ ಮಂಡಲ ಪಂಚಾಯಿತಿಗಳೂ, ೧೯೯೩ ರ ಶಾಸನದಂತೆ ಗ್ರಾಮ ಪಂಚಾಯಿತಿಗಳೂ ಏರ್ಪಟ್ಟುವು. ಚೆದರಿದ ಹಲವು ಗ್ರಾಮಗಳನ್ನು ಕೂಡಿಸಿ ಒಂದು ಸಭೆ ಮಾಡುವ ಮಂಡಲದ ತತ್ತ್ವವು ಹಳೆಯ ಮಂದೆಯ ತತ್ತ್ವವೇ. ಆದರೆ ಮಂದೆಯ ಕೂಟದಲ್ಲಿ ಕುಳಿತುಕೊಳ್ಳಲು ಅವಕಾಶವಿಲ್ಲದಿದ್ದವರಿಗೆ ಇಲ್ಲಿ ಮೀಸಲಾದ ಸ್ಥಾನಗಳಿವೆ. ಹೆಂಗಸರಿಗೆ ಮೊದಲು ನಾಲ್ಕರಲ್ಲೊಂದು, ಆಮೇಲೆ ಮೂರರಲ್ಲೊಂದು, ೨೦೧೦ ರಿಂದ ಅರ್ಧದಷ್ಟು ಸ್ಥಾನಗಳು ಸಂದಿವೆ. ಪೂರ್ವಕಾಲವನ್ನು ಹೊಗಳುವವರು ಈ ಒಂದು ಅಂಶವನ್ನು ತೂಕಕ್ಕೆ ಹಾಕಿಯೇ ಮಾತನಾಡಬೇಕು.

ಆಡಳಿತದ ನಕ್ಷೆಯು ಹೆಸರನ್ನು ಬದಲಿಸುವುದಷ್ಟೇ ಅಲ್ಲ, ಊರನ್ನು ಅಳಿಸಲೂ ಬಲ್ಲದು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ ರಲ್ಲಿ ಮುಗಿದಾಗ ಆಲೂರಿನ ಕಡೆಯವೂ ಸೇರಿ ಹಲವು ಗ್ರಾಮಗಳು ಹಿನ್ನೀರಿಗೆ ಸಂದುವು. ಅಲ್ಲಿಂದ ಎದ್ದ ಒಕ್ಕಲುಗಳಲ್ಲಿ ಹಲವರಿಗೆ ಸಕಲೇಶಪುರದ ಮಲೆಯಲ್ಲಿ ಭೂಮಿಯನ್ನು ಗೊತ್ತುಮಾಡಲಾಯಿತು. ಹೀಗೆ ಹೊಸ ನಂಬರುಗಳು ಹಳೆಯ ಕಾಡಿನ ಮೇಲೆ ಬಿದ್ದುವು. ಶೆಟ್ಟಿಹಳ್ಳಿಯ ಚರ್ಚು ಪ್ರತಿ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುವುದನ್ನು ಜನರು ನೋಡಲು ಹೋಗುವರು. ಗೋಪುರವಿಲ್ಲದ ಹಳ್ಳಿಗಳು ಮುಳುಗಿದುದನ್ನು ನೋಡುವವರಾರು?

೯. ಉಳಿದಿರುವ ಪ್ರಶ್ನೆ

ಹಳೆಯ ಕಡತಗಳ ಮಾತು ಇಂದಿನವರಿಗೇಕೆಂದು ಕೇಳುವವರುಂಟು. ಅವರಿಗೆ ಇತ್ತೀಚಿನ ನಿದರ್ಶನವೊಂದು ಸಾಕು. ಪಶ್ಚಿಮಘಟ್ಟಗಳ ಕೆಲವು ಭಾಗಗಳು ೨೦೧೨ ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಮರುವರ್ಷ ಕಸ್ತೂರಿರಂಗನ್ ಸಮಿತಿಯು ಘಟ್ಟದಲ್ಲಿ ಪರಿಸರದ ದೃಷ್ಟಿಯಿಂದ ಸೂಕ್ಷ್ಮವಾದ ಪ್ರದೇಶವನ್ನು ಗುರುತಿಸುವಾಗ ಗ್ರಾಮವನ್ನೇ ಘಟಕವಾಗಿ ಹಿಡಿಯಿತು. ಗ್ರಾಮದ ವಿಸ್ತೀರ್ಣದಲ್ಲಿ ನೂರಕ್ಕೆ ಇಪ್ಪತ್ತು ಭಾಗವಾದರೂ ಅಂತಹ ನೆಲವಿದ್ದರೆ ಇಡೀ ಗ್ರಾಮವು ಪಟ್ಟಿಗೆ ಸೇರುವುದೆಂಬುದು ಅದರ ಸೂತ್ರ. ೨೦೧೪ ರಿಂದ ಹೊರಟ ಕರಡು ಅಧಿಸೂಚನೆಗಳ ಪಟ್ಟಿಯಲ್ಲಿ ಸಕಲೇಶಪುರದ ಗ್ರಾಮಗಳೂ ಇವೆ. ಆ ಗ್ರಾಮದ ಮೇರೆಯನ್ನು ಯಾರು ಗೊತ್ತುಮಾಡಿದರು? ಹತ್ತೊಂಬತ್ತನೆಯ ಶತಮಾನದಲ್ಲಿ ಕಂದಾಯಕ್ಕಾಗಿ ಸರಪಣಿ ಎಳೆದವರು. ಕಾಡನ್ನು ಕಾಯುವುದಕ್ಕಾಗಲಿ, ಕಾಡಂಚಿನ ಒಕ್ಕಲನ್ನು ಕಾಯುವುದಕ್ಕಾಗಲಿ ಎಳೆದ ಗೆರೆಯಲ್ಲ ಅದು. ಆದರೂ ಇಂದು ಕಾಡಿನ ಗತಿಯೂ ಒಕ್ಕಲಿನ ಗತಿಯೂ ಆ ಗೆರೆಯ ಮೇಲೆಯೇ ನಿಂತಿವೆ. ಹಳೆಯ ನಾಡು ಮಂದೆಗಳು ಹೊಳೆಯನ್ನೂ ಗುಡ್ಡವನ್ನೂ ಅನುಸರಿಸಿ ಹುಟ್ಟಿದುವೆಂಬುದನ್ನು ತಿಳಿದವರು, ನೀರಿನ ಜಾಡನ್ನು ಹಿಡಿದು ಮೇರೆಯನ್ನು ಎಳೆಯಬಹುದಾಗಿತ್ತಲ್ಲವೇ ಎಂದು ಕೇಳದಿರಲಾರರು.

ಮಂಜರಾಬಾದೆಂಬ ಹೆಸರು ಇಂದು ಕೋಟೆಗೆ ಮಾತ್ರ ಉಳಿದಿದೆ. ಬಲಂ ಎಂಬುದು ಗ್ರಂಥಗಳಿಗೆ ಸೇರಿತು. ಆದರೆ ಸುಗ್ಗಿಯ ಹಬ್ಬದಲ್ಲಿ ಯಾವ ಊರಿನವರು ಯಾವ ಊರಿನವರೊಡನೆ ಕೂಡಬೇಕು, ಕೆಂಚಮ್ಮನ ಜಾತ್ರೆಗೆ ಯಾರು ಯಾವ ಸೇವೆಯನ್ನು ನಡಸಬೇಕು ಎಂಬ ಕಟ್ಟಳೆಗಳು ಯಾವ ಕಚೇರಿಯ ಆಜ್ಞೆಯೂ ಇಲ್ಲದೆ ನಡೆದುಬಂದಿವೆ. ಕಡತದಿಂದ ಬಿಟ್ಟುಹೋದ ನಾಡನ್ನು ಇಂತಹ ಹಬ್ಬಗಳ ಕಟ್ಟಳೆಯಲ್ಲಿಯೇ ಹುಡುಕಬೇಕು. ಹಳೆಯ ಪಟೇಲರ ಹಾಗೂ ಶಾನುಭೋಗರ ಮನೆಗಳ ಅಟ್ಟದ ಮೇಲೆ ಲೆಕ್ಕದ ಕಟ್ಟುಗಳೂ, ಕೈಫಿಯತ್ತುಗಳೂ, ಗದ್ದೆಗಳ ಹೆಸರುಗಳುಳ್ಳ ಓಲೆಗಳೂ ಇದ್ದರೆ ಅವುಗಳನ್ನು ಮಳೆಗಾಲದ ತಂಪೂ ಗೆದ್ದಲೂ ಬಹುಕಾಲ ಬಿಡಲಾರವು. ಅವುಗಳನ್ನು ಇಳಿಸಿ, ಧೂಳು ಕೊಡವಿ, ನಕಲು ಮಾಡಿಸುವುದು ವಿದ್ಯಾವಂತರಾದ ಮನೆಯವರೆಲ್ಲರಿಗೂ ಸಾಧ್ಯವಾದ ಕೆಲಸ. ಮುಂದೆ ಯಾರಾದರೂ ಈ ನೆಲದ ಮೇಲೆ ಹೊಸ ಗೆರೆಯನ್ನೆಳೆಯಲು ಬಂದಾಗ ಹಳೆಯ ಗೆರೆಗಳು ಎಲ್ಲಿದ್ದುವು, ಏಕಿದ್ದುವು ಎಂದು ತೋರಿಸುವುದಕ್ಕೆ ಅವುಗಳ ಹೊರತು ಬೇರೆ ಸಾಕ್ಷಿಯಿರುವುದಿಲ್ಲ.